ಕಂಬ ಒಡೆದ ಮೇಲಿನ ಪುಟ

ಅಣ್ಣನ ಮಗಳಿಗೆ ಆಗ ನಾಲ್ಕೂವರೆ ವರ್ಷ. ಮಧ್ಯಾಹ್ನ ಊಟವಾದ ಮೇಲೆ ತೊಡೆ ಹತ್ತಿ ಕೂತಳು, ಕೈಯಲ್ಲಿ ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಪ್ರಹ್ಲಾದನ ಚಿತ್ರಪುಸ್ತಕ. ನುಣುಪು ಕಾಗದ, ಕಣ್ಣು ಕುಕ್ಕುವ ಬಣ್ಣ. ಕೊನೆಯ ಚಿತ್ರದಲ್ಲಿ ಹೊಸ್ತಿಲ ಮೇಲೆ ನರಸಿಂಹ, ಅವನ ತೊಡೆಯ ಮೇಲೆ ಹಿರಣ್ಯಕಶಿಪು. ಉಗುರು, ಕರುಳು, ಪುಟದ ತುಂಬ ಕೆಂಪು. ಮಗು ಬೆದರೀತೆಂದು ಪುಟ ಮಗುಚಲು ನಾನು ಕೈ ಹಾಕಿದ್ದೆ. ಅವಳ ಬೆರಳು ಹೋದದ್ದು ರಕ್ತದ ಕಡೆಗಲ್ಲ, ಮೂಲೆಗೆ. ಅಲ್ಲಿ ಪ್ರಹ್ಲಾದ ಕೈಮುಗಿದು ನಗುತ್ತ ನಿಂತಿದ್ದ.

"ಇವ್ನು ಯಾಕೆ ನಗ್ತಿದಾನೆ? ಅದು ಅವನ ಅಪ್ಪ ಅಲ್ವಾ?"

ಪುಟ ಮಗುಚಿದೆ. ರಟ್ಟಿನ ಒಳಬದಿಯಲ್ಲಿ ಹಳದಿ ಚೌಕದೊಳಗೆ 'ನೀತಿ' ಎಂದು ಅಚ್ಚಾಗಿತ್ತು: ದೇವರನ್ನು ನಂಬಿದವರಿಗೆ ಭಯವಿಲ್ಲ ಎಂಬರ್ಥದ ಎರಡು ಸಾಲು. ಓದಿದೆ. ಅವಳು ಕಾದಳು. ನನ್ನ ಹತ್ತಿರ ಬೇರೇನೂ ಇಲ್ಲವೆಂದು ಗೊತ್ತಾದಾಗ ತೊಡೆಯಿಂದಿಳಿದು ಹೊರಟಳು.

ಮಕ್ಕಳಿಗೆ ಪುಸ್ತಕ ಆರಿಸುವಾಗ ನಾವು ತೋರುವ ಒಂದು ವಿಚಿತ್ರ ಸಡಿಲಿಕೆ ಅಂದು ಮನಸ್ಸಿಗೆ ಬಂತು. ಕಾರ್ಟೂನಿನಲ್ಲಿ ಒಬ್ಬ ಇನ್ನೊಬ್ಬನಿಗೆ ಗುದ್ದಿದರೆ ರಿಮೋಟಿಗೆ ಕೈ ಹೋಗುತ್ತದೆ. ಅದೇ ಗುದ್ದು ಗದೆಯಿಂದ ಬಿದ್ದರೆ, ಗುದ್ದಿದವನಿಗೆ ಕಿರೀಟವಿದ್ದರೆ, "ದೇವರ ಕಥೆ ತಾನೆ, ನೋಡಲಿ ಬಿಡಿ" ಎನ್ನುತ್ತೇವೆ. ಪುಸ್ತಕದಂಗಡಿಯಲ್ಲಿ "ಸಂಸ್ಕಾರ ಸಿಗೋ ಅಂಥದ್ದೇನಾದ್ರೂ ಕೊಡಿ" ಎಂದು ಕೇಳುವವರನ್ನು ಗಮನಿಸಿದ್ದೇನೆ. ಮುಖಪುಟದಲ್ಲಿ ಕೊಳಲೋ ಬಿಲ್ಲೋ ಕಂಡರೆ ಒಳಗೆ ತೆರೆದು ನೋಡುವುದೇ ಇಲ್ಲ. ಭಕ್ತಿಯ ಹಣೆಪಟ್ಟಿ ಹತ್ತಿದ ಕೂಡಲೇ ನಮ್ಮೊಳಗಿನ ವಿಮರ್ಶಕ ಚಪ್ಪಲಿ ಬಿಟ್ಟು ಹೊರಗೇ ಕೂತುಬಿಡುತ್ತಾನೆ.

ಮಗುವಿನ ಪ್ರಶ್ನೆಗೆ ಉತ್ತರ ಹುಡುಕಲು ಭಾಗವತದ ಏಳನೆಯ ಸ್ಕಂಧವನ್ನು ತೆಗೆದೆ. ನೋಡಿದರೆ, ಚಿಕ್ಕವರಿಗೆ ಹೇಳಬೇಕಾದ ಕಥೆಯೆಲ್ಲ ಅಲ್ಲೇ ಇದೆ. ಮಕ್ಕಳ ಪುಸ್ತಕ ಮಾಡುವವರು ಅದನ್ನೇ ಬಿಟ್ಟಿದ್ದಾರೆ. ಅಲ್ಲಿ ಕಥೆ ಬಿಗಿಯಾಗುವುದು ತೊಡೆಯ ಮೇಲೆ. ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನೇನು ಕಲಿತೆ ಮಗು, ನಿನಗೆ ಯಾವುದು ಒಳ್ಳೆಯದೆನಿಸಿತು ಎಂದು ಮುದ್ದಿನಿಂದ ಕೇಳುತ್ತಾನೆ. ರಾಕ್ಷಸನೇ ಇರಬಹುದು, ಶಾಲೆಯಿಂದ ಬಂದ ಮಗನನ್ನು ಕೇಳುವ ಎಲ್ಲ ಅಪ್ಪಂದಿರ ಹಾಗೇ ಇದ್ದಾನೆ. ಮತ್ತೊಂದು ದಿನ ಮಗನ ಉತ್ತರ ಸಹಿಸಲಾಗದೆ ಅದೇ ತೊಡೆಯಿಂದ ನೆಲಕ್ಕೆ ತಳ್ಳುತ್ತಾನೆ. ಆನೆ, ಹಾವು, ವಿಷ, ಬೆಟ್ಟ ಎಲ್ಲ ಆಮೇಲಿನವು. ನಾಲ್ಕು ವರ್ಷದ ಮಗುವಿಗೆ ಇವೆಲ್ಲಕ್ಕಿಂತ ದೊಡ್ಡ ಹಿಂಸೆ ಅಪ್ಪನ ತೊಡೆಯಿಂದ ಬೀಳುವುದು. ನಾನು ನೋಡಿದ ಯಾವ ಚಿತ್ರಪುಸ್ತಕದಲ್ಲೂ ಆ ಬೀಳುವಿಕೆಗೆ ಒಂದು ಪುಟ ಸಿಕ್ಕಿಲ್ಲ. ಆನೆಗೆ ಮಾತ್ರ ಎರಡು ಪುಟ.

ನಡುವೆ ಒಂದು ಶಾಲೆಯ ಪ್ರಸಂಗವಿದೆ. ಗುರುಗಳಾದ ಶಂಡ, ಅಮರ್ಕರು ಮನೆಗೆಲಸಕ್ಕೆಂದು ಹೋದಾಗ ಓರಗೆಯ ಹುಡುಗರು ಪ್ರಹ್ಲಾದನನ್ನು ಆಟಕ್ಕೆ ಕರೆಯುತ್ತಾರೆ. ಅವನು ಅವರನ್ನೇ ಸುತ್ತ ಕೂರಿಸಿಕೊಂಡು ಮಾತಿಗೆ ತೊಡಗುತ್ತಾನೆ. ಮೇಷ್ಟ್ರಿಲ್ಲದ ತರಗತಿಗಿಂತ ಮಕ್ಕಳಿಗೆ ಪ್ರಿಯವಾದ ಲೋಕ ಯಾವುದಿದೆ? ಒಬ್ಬ ಒಳ್ಳೆಯ ಚಿತ್ರಕಾರನ ಕೈಗೆ ಸಿಕ್ಕರೆ ಅಷ್ಟೇ ಒಂದು ಪುಸ್ತಕವಾದೀತು.

ಇನ್ನು ಕಂಬ ಒಡೆದ ಮೇಲೆ. ಹಿರಣ್ಯಕಶಿಪು ಸತ್ತರೂ ನರಸಿಂಹನ ಸಿಟ್ಟು ಇಳಿಯುವುದಿಲ್ಲ. ದೇವತೆಗಳು ದೂರವೇ ನಿಲ್ಲುತ್ತಾರೆ. ಲಕ್ಷ್ಮಿಯನ್ನು ಮುಂದೆ ಕಳಿಸಿದರೆ ಅವಳಿಗೂ ಹತ್ತಿರ ಹೋಗಲಾಗುವುದಿಲ್ಲ. ಇಂಥ ರೂಪವನ್ನು ಅವಳೂ ಕಂಡಿರಲಿಲ್ಲ. ಕೊನೆಗೆ ಬ್ರಹ್ಮ ಮಗುವನ್ನು ಕೇಳಿಕೊಳ್ಳುತ್ತಾನೆ: ನೀನು ಹೋಗಪ್ಪ. ಪ್ರಹ್ಲಾದ ಮೆಲ್ಲಗೆ ಹೋಗಿ ಅಡ್ಡಬೀಳುತ್ತಾನೆ. ನರಸಿಂಹ ಅವನನ್ನೆಬ್ಬಿಸಿ, ಆಗಷ್ಟೇ ಹೊಟ್ಟೆ ಬಗೆದ ಕೈಯನ್ನು ತಲೆಯ ಮೇಲಿಡುತ್ತಾನೆ. ವರ ಕೇಳು ಅಂದಾಗ ಮಗು ಕೇಳುವುದೇನು? ತನ್ನ ಅಪ್ಪನ ಪಾಪ ತೊಳೆದುಹೋಗಲಿ ಎಂದು. ನಿನ್ನ ಇಪ್ಪತ್ತೊಂದು ತಲೆಮಾರೇ ಪಾವನವಾಯಿತು ಎಂದು ಉತ್ತರ ಬರುತ್ತದೆ.

ಅಂದರೆ "ಅದು ಅವನ ಅಪ್ಪ ಅಲ್ವಾ?" ಎಂದು ನಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನು ಪ್ರಹ್ಲಾದನೂ ಕೇಳಿದ್ದ. ಪುರಾಣಕ್ಕೆ ಆ ಪ್ರಶ್ನೆ ಗೊತ್ತಿತ್ತು. ಪುಸ್ತಕ ಮಾಡಿದವರಿಗೆ ಗೊತ್ತಿರಲಿಲ್ಲ, ಅಥವಾ ಹದಿನಾರು ಪುಟಕ್ಕೆ ಅದು ಹಿಡಿಸಲಿಲ್ಲ. ಅಂದಿನಿಂದ ಪ್ರಹ್ಲಾದನ ಕಥೆ ಯಾವ ರೂಪದಲ್ಲಿ ಬಂದರೂ ನಾನು ಮೊದಲು ನೋಡುವುದು ಹಿಂದಿನಿಂದ: ಕಂಬ ಒಡೆದ ಮೇಲೆ ಒಂದು ಪುಟ ಇದೆಯೋ ಇಲ್ಲವೋ.

ಹಂಪಿಯ ನರಸಿಂಹನದೂ ಇದೇ ಪಾಡು. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಆ ಮೂರ್ತಿಯನ್ನು ಎಲ್ಲರೂ ಉಗ್ರನರಸಿಂಹ ಎನ್ನುತ್ತೇವೆ. ಅವನು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋದಳು. ಅವನನ್ನು ಬಳಸಿದ್ದ ಅವಳ ಒಂದು ಕೈ ಮಾತ್ರ ಇನ್ನೂ ಅವನ ಬೆನ್ನ ಮೇಲೆ ಉಳಿದಿದೆ. ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಅದು ಕಾಣಿಸದು.

ಮಕ್ಕಳಿಗೆ ಪುರಾಣದ ಚಿತ್ರ ತೋರಿಸಿದವರಲ್ಲಿ ಮೊದಲ ಹೆಸರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರದು. ಟಿವಿಯ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ಹೆಸರು ಹೇಳಿದ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲಾರದೆ ಹೋದರು, ಅದನ್ನು ಕಂಡು 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿದರು ಎಂಬುದು ಎಲ್ಲರೂ ಕೇಳಿದ ಸಂಗತಿ. ಮಾಹಿತಿಯ ಕೊರತೆ ನೀಗಿಸಲು ಹುಟ್ಟಿದ್ದರಿಂದ ಆ ಪುಸ್ತಕಗಳ ಶಕ್ತಿಯೂ ಮಿತಿಯೂ ಮಾಹಿತಿಯೇ. ನನ್ನ ಪೀಳಿಗೆಗೆ ಅವು ಕೊಟ್ಟದ್ದು ಸಣ್ಣದಲ್ಲ. ರೈಲಿನಲ್ಲಿ ಕಿತ್ತಾಡಿ ಓದಿದ್ದೇವೆ. ಆದರೆ ಅವು ಎಂಟು, ಹತ್ತು ವರ್ಷದವರ ಪುಸ್ತಕಗಳು. ಚೌಕದಿಂದ ಚೌಕಕ್ಕೆ ಕಣ್ಣು ಓಡಬೇಕು, ಗುಳ್ಳೆಯೊಳಗಿನ ಮಾತು ಯಾರದೆಂದು ತಿಳಿಯಬೇಕು. ನಾಲ್ಕರ ಮಗು ಹಾಗೆ ಓಡುವುದಿಲ್ಲ. ಒಂದು ಚಿತ್ರದ ಮುಂದೆ ಠಿಕಾಣಿ ಹೂಡುತ್ತದೆ, ಮೂಲೆಯ ಇಲಿಯನ್ನು ಹುಡುಕುತ್ತದೆ. ಜೊತೆಗೆ ಅಸುರರೆಂದರೆ ಕಪ್ಪು, ದಪ್ಪ, ಕೋರೆಹಲ್ಲು. ದೇವರ ಕಡೆಯವರೆಂದರೆ ಬಿಳುಪು, ತೆಳುಪು ಎಂಬ ಲೆಕ್ಕಾಚಾರ ಒಂದಿತ್ತಲ್ಲ, ಅದನ್ನು ಇಂದಿನ ಅಗ್ಗದ ಪುಸ್ತಕಗಳು ಹಾಗೇ ಎತ್ತಿಕೊಂಡು ಇನ್ನಷ್ಟು ಮಂದ ಮಾಡಿವೆ. ಕಪ್ಪು ಮೈಬಣ್ಣದ ಮಗುವಿಗೆ ಇಂಥದ್ದನ್ನು ಓದಿ ಹೇಳುವಾಗ ಗಂಟಲು ಕಟ್ಟುತ್ತದೆ.

ಸಿನಿಮಾದ ಮಾತು ಬೇರೆ. ಪುಸ್ತಕದಲ್ಲಿ ಪುಟ ಮಗುಚುವ ಅಧಿಕಾರ ಮಗುವಿನದು. ಬೇಡವಾದ ಪುಟವನ್ನು ಅದು ಅಂಗೈಯಿಂದ ಮುಚ್ಚಿಬಿಡುತ್ತದೆ, ಎರಡನ್ನು ಸೇರಿಸಿ ಹಾರಿಸುತ್ತದೆ, "ಇನ್ನೊಂದ್ಸಲ" ಎಂದು ಹಿಂದಕ್ಕೆ ಹೋಗುತ್ತದೆ. ಕತ್ತಲ ಹಾಲಿನಲ್ಲಿ ಅದರ ಕೈಗೆ ಏನೂ ಸಿಗುವುದಿಲ್ಲ. ಕಣ್ಣು ಮುಚ್ಚಿಕೊಂಡರೂ ಕಿವಿ ಮುಚ್ಚದು. ಹೀಗಾಗಿ ಭಯವನ್ನು ಎಷ್ಟು ಹೊತ್ತು, ಎಷ್ಟು ದನಿಯಲ್ಲಿ ತೋರಿಸಬೇಕೆಂಬ ಹೊಣೆ ಸಿನಿಮಾ ಮಾಡುವವರ ಮೇಲೆ ಹೆಚ್ಚು.

1983ರ 'ಭಕ್ತ ಪ್ರಹ್ಲಾದ'ವನ್ನು ಈಗಲೂ ಮನೆಯಲ್ಲಿ ಹಾಕಿ ನೋಡಬಹುದು. ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಮಾಸ್ಟರ್ ಲೋಹಿತ್, ಅಂದರೆ ಎಂಟರ ಆಸುಪಾಸಿನ ಪುನೀತ್. ಇಬ್ಬರೂ ನಿಜಕ್ಕೂ ಅಪ್ಪ ಮಗ ಎಂಬುದು ನೋಡುವವರಿಗೆಲ್ಲ ಗೊತ್ತು, ಅದರಿಂದ ಚಿತ್ರಕ್ಕೆ ಒಂದು ವಿಚಿತ್ರ ರಕ್ಷೆ ಸಿಕ್ಕಿದೆ: ಆ ಕಣ್ಣು ಎಷ್ಟು ಕೆಂಪಾದರೂ ಹಿಂದೆ ಎಲ್ಲೋ ವಾತ್ಸಲ್ಯ ಇದೆಯೆಂದು ಮನಸ್ಸು ನಂಬುತ್ತದೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ನಟ ಭಯವನ್ನು ಮಾತಿನಿಂದಲೇ ಕಟ್ಟುತ್ತಾರೆ. ಗದೆ ಏಳುವುದಕ್ಕೆ ಮೊದಲೇ ದನಿ ಎದ್ದಿರುತ್ತದೆ. ತಾಂತ್ರಿಕ ಚಮತ್ಕಾರ ಇಂದಿನ ಕಣ್ಣಿಗೆ ಪೆಚ್ಚಾಗಿ ಕಾಣಬಹುದು. ಆ ಪೆಚ್ಚುತನವೇ ಚಿಕ್ಕವರಿಗೆ ಅನುಕೂಲ, ಇದು ನಾಟಕ ಎಂದು ಅವರಿಗೆ ಗೊತ್ತಾಗುತ್ತಲೇ ಇರುತ್ತದೆ. ಉದ್ದವಾಯಿತು, ನಿಜ. ಎರಡು ಮೂರು ಸಂಜೆಗೆ ಹಂಚಿಕೊಂಡರೆ ಸರಿಹೋಗುತ್ತದೆ.

2025ರ ಜುಲೈನಲ್ಲಿ ಬಂದ 'ಮಹಾವತಾರ ನರಸಿಂಹ' ಇದೇ ಕಥೆಯ ಅನಿಮೇಷನ್. ನಿರ್ದೇಶನ ಅಶ್ವಿನ್ ಕುಮಾರ್ ಅವರದು, ಅರ್ಪಿಸಿದವರು ನಮ್ಮ ಹೊಂಬಾಳೆ, ಕನ್ನಡದಲ್ಲೂ ಬಂತು. ಅನಿಮೇಷನ್ ಎಂದರೆ ಮಕ್ಕಳದ್ದು ಎಂಬ ನಂಬಿಕೆಯಲ್ಲಿ, ದೇವರ ಕಥೆ ಎಂಬ ಇನ್ನೊಂದು ನಂಬಿಕೆಯ ಜೊತೆ, ಮನೆಮಂದಿಯೆಲ್ಲ ಕೂಸುಗಳನ್ನೆತ್ತಿಕೊಂಡು ಹೋದರು. ದೇಶದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಕೆ ಅದರದ್ದಾಯಿತು. ಅದರ ಮಹತ್ವಾಕಾಂಕ್ಷೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದರ ಪ್ರೀತಿ ಕಾಳಗದ ಮೇಲೆ. ವರಾಹ ಮತ್ತು ಹಿರಣ್ಯಾಕ್ಷರ ಕದನ ಒಂದು, ಕೊನೆಯಲ್ಲಿ ನರಸಿಂಹನ ಕದನ ಇನ್ನೊಂದು; ಎರಡು ಗಂಟೆಗೂ ಮಿಕ್ಕ ಚಿತ್ರದಲ್ಲಿ ದೇವರು ಎಂದರೆ ಸ್ನಾಯು, ಘರ್ಜನೆ, ಸ್ಲೋ ಮೋಷನ್. ಹದಿನೈದರ ಹುಡುಗನಿಗೆ ಇದು ಹಬ್ಬ. ನಾಲ್ಕರ ಮಗುವಿಗೆ ಸಿಗುವ ಸಾರಾಂಶ, ದೇವರು ಎಲ್ಲರಿಗಿಂತ ಜೋರಾಗಿ ಹೊಡೆಯುವವನು ಎಂದು. ಪುಟ್ಟ ಭಕ್ತನೊಬ್ಬನ ಕಥೆಯಲ್ಲಿ ಪುಟ್ಟವನೇ ಪಕ್ಕಕ್ಕೆ ಸರಿದು ಪ್ರೇಕ್ಷಕನಾಗಿಬಿಡುತ್ತಾನೆ, ನಮ್ಮ ಚಿತ್ರಪುಸ್ತಕದ ಮೂಲೆಯಲ್ಲಿ ನಿಂತಿದ್ದನಲ್ಲ, ಹಾಗೆ.

2024ರ ಹೊಸ ನಿಯಮಗಳ ಪ್ರಕಾರ ಸೆನ್ಸಾರ್ ಮಂಡಳಿ ಈಗ ಯುಎ ಪ್ರಮಾಣಪತ್ರವನ್ನು 7+, 13+, 16+ ಎಂದು ಮೂರಾಗಿ ಸೀಳಿ ಕೊಡುತ್ತದೆ. ಪೋಸ್ಟರಿನ ಮೂಲೆಯ ಆ ಸಣ್ಣ ಅಂಕಿಯನ್ನು ಭಕ್ತಿಚಿತ್ರಕ್ಕೆ ಹೋಗುವಾಗಲೂ ನೋಡಬೇಕು.

ಭಯಾನಕವನ್ನು ತೋರಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಸಕ್ಕರೆಪಾಕದಲ್ಲಿ ಅದ್ದಿದ ಪುರಾಣ ಇನ್ನೂ ಕೆಟ್ಟದ್ದು. ಹೇಗೆ ತೋರಿಸಬೇಕೆಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಮಾದರಿಗಳು ಬೈಬಲ್ಲಿನ ಕಥೆಗಳಿಂದ ಬಂದವು. 1998ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಮೋಶೆಯ ಕಥೆ. ಹೀಬ್ರೂ ಶಿಶುಗಳನ್ನು ನದಿಗೆಸೆದ ಘೋರವನ್ನು ಆ ಚಿತ್ರ ಮೋಶೆಯ ಕನಸಿನಲ್ಲಿ ತೋರಿಸುತ್ತದೆ: ಈಜಿಪ್ಟಿನ ಗೋಡೆಚಿತ್ರಗಳೇ ಎದ್ದು ನಡೆದಾಡುತ್ತವೆ. ಚಪ್ಪಟೆ ಸೈನಿಕರು, ಚಪ್ಪಟೆ ತಾಯಂದಿರು. ದೊಡ್ಡವರ ಎದೆ ನಡುಗುತ್ತದೆ; ಮಗು ಗೋಡೆಯ ಮೇಲಿನ ಚಿತ್ರವನ್ನಷ್ಟೇ ನೋಡುತ್ತದೆ, ತನಗೆ ತಾಳುವಷ್ಟನ್ನು ತೆಗೆದುಕೊಳ್ಳುತ್ತದೆ. ಚೊಚ್ಚಲು ಮಕ್ಕಳು ಸಾಯುವ ರಾತ್ರಿ ಅಬ್ಬರದ ವಾದ್ಯವಿಲ್ಲ. ಬಿಳಿಯ ಬೆಳಕೊಂದು ಸದ್ದಿಲ್ಲದೆ ಬೀದಿಗಿಳಿಯುತ್ತದೆ, ಒಂದು ಉಸಿರು ನಿಂತಂತಾಗುತ್ತದೆ, ಬಾಗಿಲಾಚೆಯಿಂದ ಪುಟ್ಟ ಕೈ ನೆಲಕ್ಕೆ ಬೀಳುತ್ತದೆ. ಇದೂ ನಾಲ್ಕರ ಮಗುವಿನ ಸಿನಿಮಾ ಅಲ್ಲ, ಏಳೆಂಟು ಆಗಲಿ. ಮಾಡಿದವರಿಗೆ ಮಾತ್ರ ಅಳತೆ ಗೊತ್ತಿತ್ತು.

ನೋಹನ ನಾವೆಯ ಪುಸ್ತಕಗಳು ಮಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಸಿಗುತ್ತವೆ. ಜಿರಾಫೆಯ ಕತ್ತು ಕಿಟಕಿಯಿಂದಾಚೆ, ಆನೆ ನಗು, ಕಾಮನಬಿಲ್ಲು. ಹೊರಗೆ ಲೋಕವೆಲ್ಲ ಮುಳುಗಿದೆ ಎಂಬುದರ ಸುಳಿವೇ ಇಲ್ಲ. 1977ರಲ್ಲಿ ಪೀಟರ್ ಸ್ಪೀರ್ ಮಾಡಿದ 'ನೋಹಾಸ್ ಆರ್ಕ್', ಮರುವರ್ಷ ಕಾಲ್ಡೆಕಾಟ್ ಪದಕ ಪಡೆದದ್ದು, ಇಂಥ ಮರೆಮಾಚುವಿಕೆಗೆ ಒಪ್ಪಲಿಲ್ಲ. ಮೊದಲಲ್ಲೊಂದು ಪದ್ಯ ಬಿಟ್ಟರೆ ಪುಸ್ತಕದಲ್ಲಿ ಮಾತೇ ಇಲ್ಲವೆನ್ನಬಹುದು. ನಾವೆ ಹತ್ತಲಾಗದೆ ಉಳಿದ ಪ್ರಾಣಿಗಳು ನಿಂತಿವೆ, ಕಾಲ ಬಳಿ ನೀರು ಏರುತ್ತಿದೆ. ಯಾರೂ ಚೀರುತ್ತಿಲ್ಲ. ಒಳಗೆ ನೋಹ ಸಗಣಿ ಬಾಚುತ್ತಿದ್ದಾನೆ. ಇಳಿಯುವ ಹೊತ್ತಿಗೆ ಎರಡೇ ಇದ್ದ ಮೊಲಗಳು ಲೆಕ್ಕಕ್ಕೆ ಸಿಗದಷ್ಟಾಗಿವೆ. ಮಗು ಮೊಲ ಎಣಿಸುತ್ತ ನಗುತ್ತದೆ, ಮತ್ತೆ ನೀರಿನ ಪುಟಕ್ಕೆ ತಾನಾಗಿಯೇ ಹಿಂದಿರುಗುತ್ತದೆ, ಏನೂ ಹೇಳದೆ ನೋಡುತ್ತದೆ. ಆಗ ದೊಡ್ಡವರು ಬಾಯಿ ಮುಚ್ಚಿಕೊಂಡಿರುವುದು ಮೇಲು.

ತೋರಿಸದೆ ಹೇಳುವುದರಲ್ಲಿ ಮುಸ್ಲಿಂ ಮನೆಗಳ ಮಕ್ಕಳ ಪುಸ್ತಕಗಳು ಪಳಗಿವೆ. ಪ್ರವಾದಿಯ ರೂಪ ಬರೆಯುವಂತಿಲ್ಲ. ಹಾಗಾಗಿ ಗುಹೆಯಲ್ಲಿ ಅಡಗಿದ ಪ್ರಸಂಗ ಬಂದಾಗ ಚಿತ್ರಕಾರ ಗುಹೆಯ ಬಾಯಿಗೆ ಬಲೆ ನೇಯ್ದ ಜೇಡವನ್ನೂ ಗೂಡು ಕಟ್ಟಿದ ಪಾರಿವಾಳವನ್ನೂ ಬರೆಯುತ್ತಾನೆ. ಕಾಪಾಡುವ ಕೆಲಸ ಒಂದು ಜೇಡಕ್ಕೆ ಬಂದದ್ದನ್ನು ನೋಡಿ ಮಗು ಬೆರಗಾಗುತ್ತದೆ.

ನಮ್ಮ ಪುಣ್ಯಕೋಟಿಯ ಬಗ್ಗೆ ನನಗೆ ಜಗಳವೇ ಇದೆ. ಗೋವಿನ ಹಾಡು ತಲೆಮಾರುಗಳಿಂದ ಪಠ್ಯದಲ್ಲಿದ್ದು, ಅಜ್ಜಿಯರ ಬಾಯಲ್ಲಿದ್ದು ಬಂದದ್ದು. ಹಾಡಿನ ಕೊನೆಗೆ ಹುಲಿ ಸಾಯುತ್ತದೆ. ಈಚಿನ ಕೆಲವು ಬಣ್ಣದ ಪುಸ್ತಕಗಳಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ, ಹುಲಿ ತಲೆತಗ್ಗಿಸಿ ಕಾಡಿಗೆ ಹೋಗುತ್ತದೆ, ಇಲ್ಲವೇ ಹಸುವಿನ ಗೆಳೆಯನಾಗುತ್ತದೆ. ಮಕ್ಕಳಿಗೆ ನೋವಾಗಬಾರದಂತೆ. ಹಾಡು ಕೇಳಿ ಅತ್ತವರು ನಾವೆಲ್ಲ. ಅತ್ತದ್ದು ಹಸುವಿಗಾಗಿ ಶುರುವಾಗಿ ಹುಲಿಗಾಗಿ ಮುಗಿಯುತ್ತಿತ್ತು. ಹಸಿದವನು, ಮಾತು ಉಳಿಸಿಕೊಂಡು ಎದುರು ಬಂದು ನಿಂತವಳನ್ನು ಕಂಡು ತಡೆಯಲಾರದವನು, ಅವನು ಖಳನೇ ಅಲ್ಲ. ಹುಲಿಯನ್ನು ಬದುಕಿಸಿದವರು ಹುಲಿಯ ಘನತೆಯನ್ನು ತೆಗೆದುಹಾಕಿದರು. "ಹುಲಿಗೆ ಪಾಪ ಹೊಟ್ಟೆ ಹಸೀತಿತ್ತಲ್ಲ" ಎಂದು ಮಗು ಹೇಳಿದರೆ, ಹೌದು ಎನ್ನುವುದಷ್ಟೇ ನಮ್ಮ ಕೆಲಸ. ಕಥೆ ಹಾಡಾಗಿರುವುದರಿಂದ ನೋವು ಲಯದ ಮಡಿಲಲ್ಲೇ ಬರುತ್ತದೆ, ಲಯವೇ ಹಿಡಿದುಕೊಳ್ಳುತ್ತದೆ. ಹಾಡಿಕೊಳ್ಳುವಂತಿಲ್ಲದ ಗದ್ಯಕ್ಕೆ ಇಳಿಸಿದ ಪುಣ್ಯಕೋಟಿಯನ್ನು ನಾನು ಕೊಳ್ಳುವುದಿಲ್ಲ.

ದೇವರಿಲ್ಲದ ಪುಸ್ತಕಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಅಲ್ಲಿ ಕನ್ನಡದ ಸ್ಥಿತಿ ಮೊದಲಿಗಿಂತ ಮೇಲು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಅಗ್ಗದ ಪುಸ್ತಕ ತಂದಿತು, 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಅವನ್ನು ಓದುವ ಹಂತಗಳ ಪ್ರಕಾರ ಪುಕ್ಕಟೆಯಾಗಿ ಇಟ್ಟಿದೆ. ಚೆನ್ನೈನ ತೂಲಿಕಾ ಕನ್ನಡದಲ್ಲೂ ತರುತ್ತದೆ. ಅಶೋಕ್ ರಾಜಗೋಪಾಲನ್ ಅವರ 'ಗಜಪತಿ ಕುಲಪತಿ'ಯಲ್ಲಿ ಆನೆಗೆ ನೆಗಡಿ. ಇಡೀ ಕಥೆ ಆ ಸೀನಿನ ಮೇಲೆ ನಿಂತಿದೆ. ನೀತಿ? ಏನಿಲ್ಲ, ಆನೆ ಸೀನಿತು. ಆದರೆ ಇಂಥ ಪುಸ್ತಕ ತೋರಿಸಿದಾಗ ಕೆಲವು ಅಪ್ಪ ಅಮ್ಮಂದಿರು ಹಿಂದೆ ಮುಂದೆ ತಿರುಗಿಸಿ "ಇದ್ರಲ್ಲಿ ಕಲಿಯೋಕೆ ಏನಿದೆ?" ಎನ್ನುತ್ತಾರೆ. ಆ ಹಳದಿ ಚೌಕವನ್ನು ಹುಡುಕುತ್ತಿರುತ್ತಾರೆ.

ಕಲಿಸುವ ಆತುರವೇ ಇಲ್ಲದ ಭಕ್ತಿ ನಮ್ಮಲ್ಲಿ ಐನೂರು ವರ್ಷದಿಂದ ಇದೆ ಎಂಬುದು ಇವರಿಗೆ ಮರೆತಂತಿದೆ. ಗುಮ್ಮನನ್ನು ಕರೆಯಬೇಡವೆಂದು ಕೃಷ್ಣ ಯಶೋದೆಯ ಮುಂದೆ ಗೋಗರೆಯುವ ಪುರಂದರದಾಸರ ಹಾಡನ್ನು ನೆನೆದುಕೊಳ್ಳಿ. ಮಣ್ಣು ತಿನ್ನುವುದಿಲ್ಲ, ಬೆಣ್ಣೆ ಕೇಳುವುದಿಲ್ಲ, ಅಣ್ಣನನ್ನು ಬೈಯುವುದಿಲ್ಲ, ಬಾವಿಯ ಕಡೆ ಹೋಗುವುದಿಲ್ಲ, ಸುಮ್ಮನಿರುತ್ತೇನೆ ಎಂದು ಪಟ್ಟಿ ಕೊಡುತ್ತಾನೆ. ಮೂರು ಲೋಕದ ಒಡೆಯನಿಗೆ ಗುಮ್ಮನ ಹೆದರಿಕೆ! 2009ರಲ್ಲಿ ಇಸ್ಕಾನ್ ಬೆಂಗಳೂರಿನ ನಂಟಿನಿಂದ ಬಂದ 'ಲಿಟಲ್ ಕೃಷ್ಣ' ಅನಿಮೇಷನ್ ಸರಣಿಯ ಹದಿಮೂರು ಕಂತುಗಳಲ್ಲಿ ಬಹುಪಾಲಿಗೆ ಒಬ್ಬೊಬ್ಬ ಅಸುರ ಬರುತ್ತಾನೆ, ಬಣ್ಣ ಚೆಂದವಿದೆ, ಬೃಂದಾವನ ಚೆಂದವಿದೆ, ಕೃಷ್ಣ ಗೆಲ್ಲುತ್ತಲೇ ಹೋಗುತ್ತಾನೆ. ಅಲ್ಲಿ ಹೆದರುವ ಕೃಷ್ಣನಿಗೆ ಇನ್ನಷ್ಟು ಜಾಗ ಸಿಗಬೇಕಿತ್ತೆಂದು ನನಗನ್ನಿಸುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಮಗುವಿಗೆ ಜೊತೆಯಾಗುವವನು ಅವನು.

ಅಂಗಡಿಯಲ್ಲಿ ಈಗ ನನ್ನ ಪದ್ಧತಿ ಸರಳ. ಕೊನೆಯ ಪುಟದಿಂದ ಶುರುಮಾಡುತ್ತೇನೆ. ಚೌಕದಲ್ಲಿ ನೀತಿ ಇದ್ದರೆ ಅರ್ಧ ಅನುಮಾನ. ಅದನ್ನು ಬಿಟ್ಟೂ ಕಥೆ ನಿಂತರೆ ಕೊಳ್ಳುತ್ತೇನೆ, ಆ ಪುಟವನ್ನು ಓದುವುದಿಲ್ಲ. ಮಾತು ಮುಚ್ಚಿ ಚಿತ್ರ ಮಾತ್ರ ನೋಡುತ್ತೇನೆ, ಚಿತ್ರದಲ್ಲಿ ಬರಹದಲ್ಲಿಲ್ಲದ ಒಂದು ಇಲಿಯಾದರೂ ಇದೆಯೇ ಎಂದು. ಒಂದು ಪುಟವನ್ನು ಮೆಲ್ಲನೆ ಬಾಯಿಬಿಟ್ಟು ಓದುತ್ತೇನೆ. ನಾಲಿಗೆ ತೊಡರಿದರೆ ಅದು ಇಂಗ್ಲಿಷಿನಿಂದ ಎಳೆದು ತಂದ ಕನ್ನಡ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡುತ್ತಾನೆ. ಸಿನಿಮಾವಾದರೆ ಮೊದಲು ಒಬ್ಬಳೇ ನೋಡಿಕೊಂಡು ಬರುತ್ತೇನೆ.

ಆ ಹುಟ್ಟುಹಬ್ಬದ ಪುಸ್ತಕವನ್ನು ಎಸೆಯಲಿಲ್ಲ. ಒಂದು ವಾರ ಬಿಟ್ಟು ಅಣ್ಣನ ಮನೆಗೆ ಹೋದಾಗ ಉಳಿದ ಕಥೆ ಹೇಳಿದೆ: ಲಕ್ಷ್ಮಿಗೂ ಹೆದರಿಕೆಯಾದದ್ದು, ಪ್ರಹ್ಲಾದ ಮೆಲ್ಲಗೆ ಹೋದದ್ದು, ತಲೆಯ ಮೇಲೆ ಕೈ ಬಂದದ್ದು, ಅಪ್ಪನಿಗಾಗಿ ಕೇಳಿದ್ದು. ಅವಳು ಬಣ್ಣದ ಕಡ್ಡಿ ತಂದಳು. ಹಾಳೆಯ ತುಂಬ ಕೇಸರಿ ಕೇಸರ, ಸೂರ್ಯನಿಗೆ ಬರೆಯುವ ಹಾಗೆ. ಪ್ರಹ್ಲಾದನಿಗಿಂತ ನರಸಿಂಹನ ಕೈ ದೊಡ್ಡದಾಯಿತು. ಪಕ್ಕದಲ್ಲಿ ಮೀಸೆಯವನೊಬ್ಬ.

"ಇವನ್ಯಾರು?"

"ಅಪ್ಪ. ಹೊಟ್ಟೆಗೆ ಬ್ಯಾಂಡೇಜ್ ಹಾಕಿದೀನಿ."

ಗೋಂದು ಸವರಿ ಹಳದಿ ಚೌಕದ ಮೇಲೆ ಅಂಟಿಸಿದೆವು. ಗೋಂದು ಜಾಸ್ತಿಯಾಗಿ ರಟ್ಟು ಉಬ್ಬಿದೆ, ಪುಸ್ತಕ ಈಗ ಸರಿಯಾಗಿ ಮುಚ್ಚುವುದಿಲ್ಲ.